ಸರ್ ಬಿಟ್ಟುಕೊಟ್ಟ ಕುರ್ಚಿ

ಆಳಂದದ ಕಾಲೇಜಿನಲ್ಲಿ ನಮಗೆ ಪ್ರೊಸೆಸರ್ ಪಾಠ ಹೇಳುತ್ತಿದ್ದ ಸರ್ ವಿದ್ಯಾರ್ಥಿಗಳಿಗೂ ‘ರೀ’ ಹಚ್ಚಿಯೇ ಮಾತಾಡುತ್ತಿದ್ದರು. ನಾವು ಕಂಪ್ಯೂಟರಿನೊಳಗೆ ನಕಲಿ ಪ್ರೊಸೆಸರ್ ಓಡಿಸುವ ಸಿಮ್ಯುಲೇಟರ್ ತೆರೆದರೆ ಸಾಕು, ಬಸ್ಸಿಗೆ ಕೈ ಅಡ್ಡ ಹಿಡಿದಂತೆ ಅಂಗೈ ಎತ್ತಿ, “ಎಷ್ಟಕ್ಕ ನಿಲ್ಲಬೇಕಂತ ಮೊದಲ ಹೇಳ್ರಿ” ಎನ್ನುತ್ತಿದ್ದರು. ಇಷ್ಟು ಸೂಚನೆಗಳಾದ ಮೇಲೆ ನಿಲ್ಲು ಎಂದು ಅದಕ್ಕೆ ಮಿತಿ ಹಾಕಬೇಕಿತ್ತು. ಮಿತಿಯೆಲ್ಲ ದಡ್ಡರಿಗೆ ಎಂದು ನಾನು ತಿಳಿದಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನ್ನ ಪ್ರೋಗ್ರಾಂ ಓಡಿತು, ಓಡುತ್ತಲೇ ಇತ್ತು. ಉತ್ತರ ಬರಲಿಲ್ಲ. ಪಕ್ಕದಲ್ಲಿದ್ದ ಖಜೂರಿ ಊರಿನ ಗೆಳತಿ ಮುಗಿಸಿ ಎದ್ದೇಬಿಟ್ಟಳು. ಫೇಲಾಗುವ ಭಯದಲ್ಲೂ ನಾನು ಗಂಭೀರವಾಗಿ, “ಈ ಕಂಪ್ಯೂಟರ್ ಭಾಳ ಸ್ಲೋ ಐತ್ರಿ ಸರ್. ನನ್ನ ಪ್ರೋಗ್ರಾಂ ಭಾರ ಇದು ತಡಿಯಂಗಿಲ್ಲ” ಎಂದೆ.

ಸರ್ ವಾದಿಸಲಿಲ್ಲ. ತಮ್ಮ ಹೊಸ ಕಂಪ್ಯೂಟರಿನ ಮುಂದಿನಿಂದ ಎದ್ದು, “ಬರ್ರಿ, ಇಲ್ಲಿ ಕುಂದರ್ರಿ” ಎಂದರು. ಸನ್ಮಾನಕ್ಕೆ ಕರೆಸಿಕೊಂಡವರಂತೆ ಹೋಗಿ ಕುಳಿತೆ. ಅದೇ ಪ್ರೋಗ್ರಾಂ ಓಡಿಸಿದರೆ ಅಲ್ಲಿಯೂ ಉತ್ತರವಿಲ್ಲ. ಅವರು ಬಗ್ಗಿ ನೂರರ ಮಿತಿ ಹಾಕಿದರು. ಓಟ ನಿಂತಿತು. ನೋಡಿದರೆ ನನ್ನ ಎರಡೇ ಸಾಲು ಮತ್ತೆ ಮತ್ತೆ ಸುತ್ತಿದ್ದವು. ಕೂಡಿಸು, ಹಿಂದಕ್ಕೆ ಹೋಗು ಎಂದು ಬರೆದಿದ್ದ ನಾನು, ಯಾವಾಗ ಸಾಕು ಎಂದು ಹೇಳಿರಲೇ ಇಲ್ಲ.

“ಹೊಸಾದರಾಗ ನಿಮ್ಮ ತಪ್ಪು ಭಾಳ ಜೋರ ಓಡತೈತಿ ನೋಡ್ರಿ” ಎಂದರು. ಎಲ್ಲರೂ ನಕ್ಕರು. ಅವರು ಮಾತ್ರ ನಗದೆ, “ಇನ್ನೂ ಟೈಮ್ ಐತಿ, ತಿದ್ರಿ” ಎಂದರು.

ತಿದ್ದಿದೆ. ಉತ್ತರ ಬಂದ ಖುಷಿಗೆ ತಿರುಗಿ ನೋಡಿದರೆ ಸರ್ ಗೋಡೆಗೆ ಒರಗಿ ನಿಂತಿದ್ದರು. ಅಷ್ಟು ಹೊತ್ತೂ ನಾನು ಅವರ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದೆ.