ನಾನು ಒಣಗಿಸದ ಮೀನು

ಹೋದ ಭಾನುವಾರ ನಾನು ಮೀನು ಒಣಗಿಸುವವಳಾದೆ. (ನಗಬೇಡಿ. ನಾನು ವಿಜಾಪುರದ ಕಡೆಯವಳು. ನಮ್ಮ ಒಲೆಯ ಮೇಲೆ ಮೀನು ಏರಿದ್ದೇ ಇಲ್ಲ.)

ಮೊಮ್ಮಗಳು ಕಮಲಿ ಮುಂಬೈನ ಪಾರ್ಲೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ಮನೆಯ ಹಿರಿಯರನ್ನು ಕೇಳಿ ಅವರ ಬಾಲ್ಯದ ಬಗ್ಗೆ ಬರೆಯಿರಿ ಎಂದು ಅವಳ ಟೀಚರ್ ಹೇಳಿದ್ದರಂತೆ. ಆ ಟೀಚರ್, ಮೈಸೂರಿನ ಹೆಣ್ಣುಮಗಳು, ಭಾನುವಾರ ಮಲಾಡ್‌ನ ನಮ್ಮ ಚಾಳಿನ ಮನೆ ಹುಡುಕಿಕೊಂಡು ಬಂದರು.

"ಕಮಲ ಬರೆದದ್ದು ಓದಿ ನಿಮ್ಮನ್ನ ನೋಡಲೇಬೇಕು ಅನ್ನಿಸ್ತು ಅಜ್ಜಿ. ಕಡಲತೀರದಲ್ಲಿ ಮೀನು ಒಣಗಿಸ್ತಾ, ಕಾಗೆ ಓಡಿಸ್ತಾ ಬೆಳೆದಿದ್ದು ನೀವೇ ತಾನೆ?"

ನಾನು ಕಮಲಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ನಾ ಸಮುದ್ರ ನೋಡಿದ್ದ ಮುಂಬೈಗೆ ಬಂದ ಮ್ಯಾಲ, ಅಕ್ಕೋರ."

ಟೀಚರ್ ಚಹಾದ ಕಪ್ಪು ಕೆಳಗಿಟ್ಟರು. "ಹಾಗಾದ್ರೆ ಸುಮತಿ ಬರೆದಿದ್ದೇ ನಿಜ. ಅವಳೂ ತನ್ನ ಅಜ್ಜಿ ಬಗ್ಗೆ ಇದನ್ನೇ ಬರೆದಿದ್ಲು. ಕಮಲ ಮೊದಲು ಕೊಟ್ಟಿದ್ಲಲ್ಲ, ಸುಮತಿನೇ ಕದ್ದಿದ್ದು ಅಂದ್ಕೊಂಡೆ. ಎಲ್ಲರ ಎದುರು ಬೈದು, ಕ್ಲಾಸಿಗೇ ಬರಬೇಡ ಅಂದ್ಬಿಟ್ಟೆ."

ಸುಮತಿ ಕಮಲಿಯ ಕ್ಲಾಸಿನವಳು, ಅಂಧೇರಿಯಲ್ಲಿರುವ ಮಂಗಳೂರು ಕಡೆಯ ಹುಡುಗಿ. ಅವಳ ಅಜ್ಜಿ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

"ಎಲ್ಲಾರೂ ಕಾಪಿ ಮಾಡ್ತಾರ ಅಜ್ಜಿ," ಎಂದಳು ಕಮಲಿ. "ಸುಮತೀದು ಓದಾಕಂತ ಇಸ್ಕೊಂಡಿದ್ದೆ. ನಾಕು ಲೈನ್ ಬದಲಿ ಮಾಡಿ ನಿನ್ನ ಹೆಸರು ಹಾಕೀನಿ. ಚಲ್ತಾ ಹೈ."

"ಸತ್ತಾಕಿ ಮಾತು ಕಸ್ಕೊಂಡು ನನ್ನ ಬಾಯಾಗ ಹಾಕೀದಿ. ಅಕ್ಕೋರು ಆ ಹುಡುಗಿಗೆ ಬೈಯ್ಯೂ ಮುಂದ ನೀ ಎಲ್ಲಿದ್ದಿ?"

"ಅಲ್ಲೇ, ಅಕೀ ಬಾಜೂಕ."

ಈ ಊರಿನಲ್ಲಿ ಕಳ್ಳರನ್ನು ಬೇಕಾದಷ್ಟು ನೋಡಿದ್ದೇನೆ. (ಲೋಕಲ್ ರೈಲಿನಲ್ಲಿ ನನ್ನ ಚೀಲವೂ ಹೋಗಿದೆ.) ಕದ್ದ ಮೇಲೆ ಅವರು ಓಡುತ್ತಾರೆ. ಕಳೆದುಕೊಂಡವಳಿಗೇ ಬೈಗುಳ ಬೀಳುವಾಗ ಪಕ್ಕದಲ್ಲಿ ಸುಮ್ಮನೆ ಕೂತವರನ್ನು ನೋಡಿರಲಿಲ್ಲ. ಅದೂ ನನ್ನ ಮನೆಯಲ್ಲಿ.

"ನಾಳೆ ಕ್ಲಾಸಿನಲ್ಲಿ ನಾನೇ ಸುಮತಿಯ ಕ್ಷಮೆ ಕೇಳ್ತೀನಿ," ಎಂದರು ಟೀಚರ್. "ಕಮಲ, ನೀನೂ ಎದ್ದು ನಿಂತು ನಿಜ ಹೇಳ್ಬೇಕು."

ಹೇಳಿದಳಂತೆ. ಸುಮತಿ ಕ್ಲಾಸಿಗೆ ಮರಳಿದ್ದಾಳೆ. ಕಮಲಿಯ ಜೊತೆ ಮಾತಿಲ್ಲ. ಅದೂ ಸರಿಯೇ.

ಇನ್ನೊಬ್ಬರದನ್ನು ಬಳಸಲೇಬಾರದೇ? ಬಳಸಿ. ಇದು ಇಂಥವರದು ಎಂದು ಒಂದು ಸಾಲು ಬರೆದರೆ ಪೆನ್ನಿನ ಶಾಯಿ ಬತ್ತುತ್ತದೆಯೇ?

ನಮ್ಮದು ಒಂದೇ ಖೋಲಿಯ ಮನೆ. ಅವಳ ಹಾಸಿಗೆಗೂ ನನ್ನ ಹಾಸಿಗೆಗೂ ನಡುವೆ ಮೊಳದಷ್ಟು ಜಾಗ. ಅಜ್ಜಿಯ ಬಾಲ್ಯ ತರಲು ಈ ಹುಡುಗಿ ಅಂಧೇರಿಯವರೆಗೆ ಯಾಕೆ ಹೋದಳು?