ಶಾಂತವ್ವನ ಅಗಸಿ ಹಿಂಡಿ

ಶಾಂತವ್ವ ಯಾರಿಗೇ ಶೇಂಗಾ ಕೊಡಲಿ, ಮೊದಲು ಕೈ ಚಾಚಿಸಿ ನೋಡುತ್ತಿದ್ದಳು. ಅವರವರ ಮುಷ್ಟಿಯೇ ಅವರವರ ಅಳತೆ. ಗೋಡೆ ಕಟ್ಟುವ ಆರಡಿ ಗೌಂಡಿಗೂ ಎರಡನೆಯ ಮುಷ್ಟಿ ಸಿಗುತ್ತಿರಲಿಲ್ಲ. "ಹೊಟ್ಟಿಗೆ ಕೊಟ್ಟೀನಿ, ಚೀಲಕ್ಕಲ್ಲ" ಎನ್ನುತ್ತಿದ್ದಳು.

ವಿಜಾಪುರದ ಕಡೆಯವಳು. ಗೋವಾದ ಫಾತೋರ್ಡಾದಲ್ಲಿ ನಾನು ಸೂಪರ್‌ವೈಸರ್ ಆಗಿದ್ದ ಕಟ್ಟಡದ ಕೂಲಿಗಳಿಗೆ ಅಡುಗೆ ಮಾಡುತ್ತಿದ್ದಳು. ಅಗಸೆ ಬೀಜ ಹುರಿದು, ಬೆಳ್ಳುಳ್ಳಿ, ಖಾರ ಸೇರಿಸಿ ಒರಳಲ್ಲೇ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವಳು. ಮಾಲೀಕರು ಮಿಕ್ಸರ್ ಕೊಡಿಸಲು ಬಂದಾಗ, "ಅದು ಗರ್ ಅಂದು ಮುದ್ದಿ ಮಾಡ್ತೈತ್ರಿ. ಹಿಂಡಿ ಹಲ್ಲಿಗೆ ಸಿಗಬೇಕು" ಎಂದು ವಾಪಸು ಕಳಿಸಿದಳು.

ಆ ವರ್ಷ ನನಗೆ ಎದೆನೋವು ಬಂತು. ಡಾಕ್ಟರು ಗುಳಿಗೆ ಬರೆದು, ಕೊಬ್ಬು ಕಡಿಮೆ ಮಾಡಿ ಎಂದರು. ಮೂರು ತಿಂಗಳಲ್ಲಿ ಡಾಕ್ಟರು ಒಪ್ಪಿದರೆ ಮಾತ್ರ ಮಹಡಿ ಹತ್ತುವ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ ಎಂದರು ಮಾಲೀಕರು. ನಾನು ಅಂದೇ ಊಟದ ವೇಳಾಪಟ್ಟಿ ಬರೆದೆ. ಶೇಂಗಾ, ಗೋಡಂಬಿ, ಎಳ್ಳು, ಅಗಸೆ, ಎಲ್ಲದರ ಮೇಲೂ ಗೀಟು ಎಳೆದೆ. ಬೆಳಿಗ್ಗೆ ಆರಕ್ಕೆ ಬಿಸ್ಕತ್ತು, ಹನ್ನೊಂದಕ್ಕೆ ಪಾವ್, ನಾಲ್ಕಕ್ಕೆ ಮತ್ತೆ ಬಿಸ್ಕತ್ತು. ತಿಂಗಳೊಳಗೆ ಷರಟು ಜೋತುಬಿತ್ತು, ಮೆಟ್ಟಿಲ ಬುಡದಲ್ಲೇ ತಲೆ ತಿರುಗಿತು.

"ಸಾಹೇಬ್ರ, ಆ ಬಿಸ್ಕೀಟಿನ್ಯಾಗ ಏನ್ ಹಾಕಿರ್ತಾರ್ರಿ?"

"ಮೈದಾ, ಸಕ್ಕರೆ."

"ಮತ್ತ ವನಸ್ಪತಿ ತುಪ್ಪ? ನಾನು ಬೇಕರ್ಯಾಗ ಎರಡ ವರ್ಷ ದುಡದೇನ್ರಿ. ಕಳ್ಳನ್ನ ಕರದು ಪಡಸಾಲ್ಯಾಗ ಕುಂದ್ರಿಸಿ, ನನ್ನ ಅಗಸಿ ಬಾಗಲದಾಗ ನಿಂದರಿಸೀರಲ್ರಿ!"

ಪೊಟ್ಟಣ ತಿರುಗಿಸಿ ಓದಿದೆ. ವನಸ್ಪತಿ ಎಂದೇ ಇತ್ತು. ಮರುದಿನ ಡಾಕ್ಟರನ್ನು ಕೇಳಿದಾಗ ನಕ್ಕರು. ಬಿಡಬೇಕಾದದ್ದು ಕರಿದದ್ದು, ವನಸ್ಪತಿ, ಬೇಕರಿ ತಿಂಡಿ. ಶೇಂಗಾ, ಅಗಸೆಯಂಥ ಬೀಜಗಳೊಳಗಿನ ಕೊಬ್ಬು ಎದೆಗೆ ಒಳ್ಳೆಯದೇ; ದಿನಕ್ಕೊಂದು ಮುಷ್ಟಿ ತಿನ್ನಿ, ಗುಳಿಗೆ ಮಾತ್ರ ತಪ್ಪಿಸಬೇಡಿ ಎಂದರು. ಹೊಸ ಪಟ್ಟಿ ಬರೆದೆ. ಹನ್ನೊಂದಕ್ಕೆ ಶೇಂಗಾ. ಒಂದಕ್ಕೆ ರೊಟ್ಟಿ, ಕಾಳುಪಲ್ಯ, ಅಗಸಿ ಹಿಂಡಿ. ಐದು ನಿಮಿಷ ತಡವಾದರೂ ಶಾಂತವ್ವ ಸೌಟು ಬಡಿಯುವಳು: "ಗಡಿಯಾರ ಶೋಕಿಗೆ ಕಟ್ಟೀರೇನ್ರಿ?"

ಮೂರು ತಿಂಗಳಿಗೆ ಡಾಕ್ಟರು ಒಪ್ಪಿದರು. ರಿಪೋರ್ಟು ಹಿಡಿದು ನೇರ ಅಡುಗೆ ಶೆಡ್ಡಿಗೆ ಹೋದೆ. ಅವಳು ಪಾತ್ರೆ ಕಟ್ಟುತ್ತಿದ್ದಳು. ಮರುದಿನ ಅವಳ ಗುಂಪು ಸಾಂಗೆಯ ಹೊಸ ಕೆಲಸಕ್ಕೆ ಹೊರಡುವುದಿತ್ತು.

"ನಂಗ ಕಾಗದ ಓದಾಕ ಬರಂಗಿಲ್ರಿ. ಹತ್ತಿ ತೋರಸ್ರಿ."

ನಾಲ್ಕು ಮಹಡಿ ಹತ್ತಿದೆ. ಎಲ್ಲೂ ನಿಲ್ಲಲಿಲ್ಲ. ಮೇಲಿನಿಂದ "ಶಾಂತವ್ವಾ!" ಎಂದು ಕೂಗಿದೆ. ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಕಾಣಾಕತ್ತೀರಿ ಸಾಹೇಬ್ರ! ಇಳೀರಿ ಇನ್ನ, ರೊಟ್ಟಿ ಆರಾಕತ್ತಾವ."

ಅವಳ ಕೈಯಿಂದ ನಾನು ಉಂಡ ಕೊನೆಯ ಊಟ ಅದು. ನೌಕರಿಯಲ್ಲಿ ಮೊದಲ ಸಲ, ಮಧ್ಯಾಹ್ನದ ಹಾಜರಿಗೆ ಅರ್ಧ ಗಂಟೆ ತಡವಾಗಿ ಹೋದೆ.