ಗಾಬರಿ ಟೈಲರ್ ಕಾರು ಬಿಚ್ಚಿದ ದಿನ

ಬೀದಿಯವರು ಅವನಿಗಿಟ್ಟ ಹೆಸರು ಗಾಬರಿ ಟೈಲರ್. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೊಸ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಳೆದದ್ದನ್ನೇ ಅಳೆಯುತ್ತಿದ್ದ. ಅಳೆದಾದ ಮೇಲೆ ಬಟ್ಟೆ ಕೊಟ್ಟವರಿಗೆ ಫೋನು ಮಾಡಿ, ತೋಳು ಉದ್ದವೋ ಗಿಡ್ಡವೋ ಎಂದು ಇನ್ನೊಮ್ಮೆ ಕೇಳುತ್ತಿದ್ದ. ಅಂಗಡಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದವನು ತಿರುಗಿ ಬಂದು ಬೀಗ ಜಗ್ಗಿ ನೋಡದೆ ಮನೆಗೆ ಹೋದವನಲ್ಲ. ಮದುವೆಯ ಗೋಜಿಗೂ ಹೋಗಿರಲಿಲ್ಲ. ಹೆಣ್ಣು ನೋಡಲು ಹೋಗಿ ಕಾಲಿಂಗ್ ಬೆಲ್ ಒತ್ತಲು ಧೈರ್ಯ ಸಾಲದೆ ಹಿಂದಿರುಗಿದ ಎಂದು ಎದುರಂಗಡಿಯ ಕ್ಷೌರಿಕ ಕತೆ ಕಟ್ಟಿದ್ದ. ಇಂಥ ಪುಕ್ಕಲ ಒಂದು ಬೆಳಿಗ್ಗೆ ತನ್ನ ಕಾರಿನ ಇಂಜಿನ್ನನ್ನು ತಾನೇ ಬಿಚ್ಚಲು ಕುಳಿತನೆಂದರೆ, ಅದಕ್ಕಿಂತ ದೊಡ್ಡ ಹೆದರಿಕೆ ಯಾವುದೋ ಅವನ ಬೆನ್ನು ಹತ್ತಿರಲೇಬೇಕು.

ಆ ಹೆದರಿಕೆ ಮನೆಯೊಳಗೆ, ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ನೀಡಿ ಕೂತಿತ್ತು. ಅವನ ಅಕ್ಕ. ತಾಯಿ ಹೋದಾಗ ಇವನಿನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅವಳೇ ಉಣಿಸಿ, ತಿದ್ದಿ, ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಕೋಟು ಹೊಲಿಯುವವರೆಗೆ ಎಲ್ಲ ಕಲಿಸಿದವಳು. ಈಗ ಅವಳ ಕಿಡ್ನಿ ಎರಡೂ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಸೇತುವೆಯಾಚೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಹೋಗುವ ಬೆಳಿಗ್ಗೆಯೆಲ್ಲ ಅವಳು ಚಪ್ಪಲಿ ಸಿಗುತ್ತಿಲ್ಲ ಎನ್ನುತ್ತಿದ್ದಳು, ತಲೆ ಸುತ್ತುತ್ತದೆ ಎನ್ನುತ್ತಿದ್ದಳು, ಸ್ನಾನದ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಕಾರು ಕೈಕೊಟ್ಟ ಒಂದು ದಿನ ಬಾಡಿಗೆ ಗಾಡಿ ತಂದರೆ, ಬರುವಾಗ ದಾರಿಯಲ್ಲಿ ಅವಳಿಗೆ ವಾಂತಿಯಾಗಿ, ಸೀಟು ಹಾಳಾಯಿತೆಂದು ಡ್ರೈವರ್ ಸೇತುವೆಯ ಮೇಲೆಯೇ ಅವಳನ್ನು ಇಳಿಸಿಬಿಟ್ಟಿದ್ದ. ಮನೆಗೆ ಬಂದವಳು ಖಡಾಖಂಡಿತವಾಗಿ ಹೇಳಿದ್ದಳು: "ಇನ್ಮೇಲೆ ನಿನ್ನ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಹತ್ತಲ್ಲ. ನಿನ್ನ ಗಾಡಿ ನಿಂತ ದಿನ ಇದನ್ನೂ ನಿಲ್ಲಿಸಿಬಿಡ್ತೀನಿ."

ಅಕ್ಕ ಒಮ್ಮೆ ಆಡಿದಳೆಂದರೆ ಮುಗಿಯಿತು. ಅವಳು ನಿಲ್ಲಿಸಲು ಒಂದು ನೆಪಕ್ಕಾಗಿ ಕಾಯುತ್ತಿದ್ದಾಳೆ ಎಂಬುದು ತಮ್ಮನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ಕಾರು ಕೀರಲು ದನಿ ತೆಗೆದು, ನಿಂತಲ್ಲೆಲ್ಲ ಹಸಿರು ನೀರು ಸುರಿಸತೊಡಗಿತು.

ಮೆಕ್ಯಾನಿಕ್ ಮಗಳ ಹೆರಿಗೆಗೆಂದು ಪರವೂರಿಗೆ ಹೋಗಿದ್ದ. ಫೋನಿನಲ್ಲೇ ಕಾರಿನ ದನಿ ಕೇಳಿಸಿಕೊಂಡು ರೋಗ ಹೇಳಿದ: "ವಾಟರ್ ಪಂಪ್ ಹೋಗಿದೆ. ಅದನ್ನ ತಿರುಗಿಸೋ ಟೈಮಿಂಗ್ ಬೆಲ್ಟೂ ಹಳೇದು. ದಾರೀಲಿ ಹರಿದ್ರೆ ಇಂಜಿನ್ ಗುಜರಿಗೇ. ಓಡಿಸ್ಲೇಬೇಡಿ. ನಾನು ಬರೋದು ಮುಂದಿನ ವಾರ."

"ನಾಳೆ ಬೆಳಿಗ್ಗೆ ಅಕ್ಕನ್ನ ಕರ್ಕೊಂಡು ಹೋಗ್ಬೇಕು ಕಣಯ್ಯ."

"ಹಂಗಾದ್ರೆ ನೀವೇ ಬಿಚ್ಚಿ. ನಿಮ್ಮದೂ ಮಿಷಿನ್ ಕೆಲಸಾನೇ ಅಲ್ವಾ? ಕೆಳಗೊಂದು ಹಲ್ಲಿನ ಚಕ್ರ, ಮೇಲೊಂದು ಹಲ್ಲಿನ ಚಕ್ರ. ಎರಡೂ ಹೇಗಿದ್ವೋ ಹಾಗೇ ಕೂತ್ಕೋಬೇಕು. ತಪ್ಪಿ ಕೂತ್ರೆ ಒಳಗೆ ಒಂದಕ್ಕೊಂದು ಗುದ್ದಿಕೊಳ್ಳುತ್ತೆ. ಬಿಚ್ಚೋ ಮುಂಚೆ ಗುರುತು ಹಾಕೋದು ಮಾತ್ರ ಮರೀಬೇಡಿ."

ಅಂಗಡಿಯಿಂದ ಹೊಸ ಬೆಲ್ಟು, ಪಂಪು ಬಂದವು. ಮೆಕ್ಯಾನಿಕ್‌ನ ಮನೆಯಿಂದ ಸ್ಪ್ಯಾನರ್ ಪೆಟ್ಟಿಗೆ ಬಂತು. ಅಂಗಳದಲ್ಲಿ ಕಾರಿನ ಮುಂಭಾಗ ಜಾಕಿನ ಮೇಲೇರಿತು, ಕೆಳಗೆ ಮರದ ದಿಮ್ಮಿಗಳನ್ನೂ ಕೊಟ್ಟಾಯಿತು. ಒಂದು ಚಕ್ರ ಕಳಚಿತು. ಬಿಚ್ಚಿದ ಬೋಲ್ಟುಗಳನ್ನು ಟೈಲರ್ ಗುಂಡಿಗಳ ಡಬ್ಬಿಯಲ್ಲಿ ಬೇರೆ ಬೇರೆ ಖಾನೆಗಳಿಗೆ ಹಾಕಿಟ್ಟ. ಒಂದೊಂದು ಬೋಲ್ಟು ಸಡಿಲವಾದಾಗಲೂ, ಇದನ್ನು ಮತ್ತೆ ಹಾಕುವವರು ಯಾರಪ್ಪ ಎಂದು ಗೊಣಗುತ್ತಿದ್ದ. ಸದ್ದು ಕೇಳಿ ಬಂದ ಕ್ಷೌರಿಕ ಅಂಗಳದ ಗೇಟಿನಲ್ಲಿ ನಿಂತು, "ಮಾಸ್ಟ್ರೇ, ಉಳಿದ ಬಟ್ಟೇಲಿ ಒಂದು ಸ್ಕೂಟರ್ ಹೊಲಿದುಬಿಡಿ," ಎಂದ. ಬೇರೆ ದಿನವಾಗಿದ್ದರೆ ಟೈಲರ್ ನಗುತ್ತಿದ್ದ.

ಬೆಲ್ಟಿನ ಮೇಲಿನ ಮುಚ್ಚಳ ತೆಗೆದಾಗ ಮಸಿ ಮತ್ತು ಎಣ್ಣೆಯ ಜಿಡ್ಡು ಮೆತ್ತಿದ ಎರಡು ಹಲ್ಲಿನ ಚಕ್ರಗಳು ಕಂಡವು. ಇಲ್ಲಿಯೇ ಅವನು ತಪ್ಪು ಮಾಡಿದ್ದು, ಅದೂ ಟೈಲರ್ ಆದವನು ಮಾತ್ರ ಮಾಡಬಲ್ಲ ತಪ್ಪು. ಗುರುತು ಎಂದ ಕೂಡಲೆ ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಬಟ್ಟೆಗೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣ ಸದಾ ಅಲ್ಲೇ ಇರುತ್ತಿತ್ತು. ಮೇಲಿನ ಚಕ್ರಕ್ಕೊಂದು ಗೆರೆ, ಕೆಳಗಿನದಕ್ಕೊಂದು, ಅವೆರಡಕ್ಕೂ ಎದುರಾಗಿ ಬೆಲ್ಟಿನ ಮೇಲೆ ಎರಡು. ಚೊಕ್ಕವಾಗಿ ಬಿದ್ದ ಬಿಳಿ ಗೆರೆಗಳನ್ನು ನೋಡಿ ಬೆಳಗಿನಿಂದ ಮೊದಲ ಸಲ ಅವನಿಗೆ ಜೀವದಲ್ಲಿ ಜೀವ ಬಂತು. ಬೆಲ್ಟು ಸಡಿಲಿಸಿ ತೆಗೆದು ಸ್ಟೂಲಿನ ಮೇಲಿಟ್ಟ.

ರೇಡಿಯೇಟರಿನ ನೀರನ್ನು ಅವನು ಮೊದಲೇ ಬಸಿದಿದ್ದ. ಇಂಜಿನ್ನಿನ ಹೊಟ್ಟೆಯಲ್ಲಿ ಇನ್ನಷ್ಟು ನೀರು ಉಳಿದಿರುತ್ತದೆಂದು ಅವನಿಗೇನು ಗೊತ್ತು? ಪಂಪಿನ ಕೊನೆಯ ಬೋಲ್ಟು ಬಿಚ್ಚಿ ಎಳೆದದ್ದೇ ತಡ, ಹಸಿರು ನೀರು ಭರ್ರನೆ ನುಗ್ಗಿ ಮುಖ, ಮೈ, ಚಕ್ರ ಎಲ್ಲವನ್ನೂ ತೋಯಿಸಿತು. ಬೆಚ್ಚಿಬಿದ್ದು ಹಿಂದೆ ಸರಿಯುವಾಗ ಕೈಯಲ್ಲಿದ್ದ ಸ್ಪ್ಯಾನರ್ ಮೇಲಿನ ಚಕ್ರಕ್ಕೆ ಬಡಿಯಿತು. ಚಕ್ರ ಟಕ್ಕೆಂದು ಒಂದಿಷ್ಟು ಜರುಗಿ ನಿಂತಿತು.

ಕಣ್ಣೊರೆಸಿಕೊಂಡು ನೋಡಿದರೆ ಚಕ್ರಗಳ ಮೇಲೆ ಗೆರೆಯ ಸುಳಿವೇ ಇರಲಿಲ್ಲ.

ಮೆಕ್ಯಾನಿಕ್‌ಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ, ಅದೇ ಪಾಡು. ಒದ್ದೆ ನೆಲದ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತ. ನಾಳೆ ಗಾಡಿಯಿಲ್ಲ. ನಾಳಿದ್ದು ಅಕ್ಕನ ಕಾಲು ಊದುತ್ತದೆ. ಆಮೇಲೆ ಉಸಿರು. ಅದಕ್ಕಿಂತ ಮುಂದೆ ಯೋಚಿಸಲು ಅವನಿಗೆ ಆಗಲಿಲ್ಲ.

"ಏನಾಯ್ತೋ?" ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲವರೆಗೆ ಬಂದಿದ್ದಳು.

"ಗುರುತು ತೊಳೆದುಹೋಯ್ತಕ್ಕ. ಚಾಕ್‌ನಲ್ಲಿ ಹಾಕಿದ್ದೆ."

"ಹೋದ್ರೆ ಹೋಗ್ಲಿ ಬಿಡು. ಒಂದು ದಿನ ತಪ್ಪಿದ್ರೆ ಏನು ಮುಳುಗಿಹೋಗುತ್ತೆ?"

ಅವಳ ದನಿಯಲ್ಲಿದ್ದದ್ದು ಸಾಂತ್ವನವಲ್ಲ, ನಿರಾಳ. ಅವನು ತಲೆಯಿಂದ ಕೈ ತೆಗೆದು ಅವಳತ್ತ ತಿರುಗಿದ.

"ನಿನಗೆ ಬೇಕಾಗಿದ್ದೂ ಅದೇ ಅಲ್ವಾ?"

ಅಕ್ಕ ನಿಧಾನವಾಗಿ ಮೆಟ್ಟಿಲ ಮೇಲೆ ಕುಳಿತಳು. "ಹೂಂ ಕಣೋ. ಈ ಗಾಡಿ ಕೆಟ್ಟು ಕೂತ್ಕೊಳ್ಳಲಿ ಅಂತ ದಿನಾ ಬೇಡ್ಕೊಂಡಿದೀನಿ. ಆ ಸೂಜಿ, ಆ ಮಂಚ, ಆಮೇಲೆ ಆ ಸುಸ್ತು. ನನಗೆ ಸಾಕಾಗಿದೆ. ನಿನಗೂ ಸಾಕಾಗಿರಬೇಕು."

"ನನಗೆ ಸಾಕಾಗಿಲ್ಲ!" ಅವನು ಕಿರುಚಿಯೇ ಬಿಟ್ಟ. ಗೇಟಿನಲ್ಲೇ ನಿಂತಿದ್ದ ಕ್ಷೌರಿಕ ಮೆಲ್ಲಗೆ ತನ್ನ ಅಂಗಡಿಗೆ ಸರಿದುಕೊಂಡ. "ನನಗೆ ಭಯ ಆಗುತ್ತಕ್ಕ. ಬೀಗಕ್ಕೆ ಹೆದರ್ತೀನಿ, ಕತ್ತರಿಗೆ ಹೆದರ್ತೀನಿ, ಊರೆಲ್ಲ ನಗುತ್ತೆ. ಅದೆಲ್ಲ ಭಯಾನೇ ಅಲ್ಲ. ನೀನಿಲ್ಲದ ಮನೆಗೆ ಸಾಯಂಕಾಲ ಬಂದು ನಾನು ಬಾಗಿಲು ತೆಗೆಯೋದು ಹೇಗೆ ಹೇಳು?"

ಅಕ್ಕ ಅವನ ಕೈಗಳನ್ನೇ ನೋಡಿದಳು. ಗೆಣ್ಣುಗಳ ಚರ್ಮ ಸುಲಿದು, ಜಿಡ್ಡು ಮೆತ್ತಿದ ಕೈಗಳು. ತನ್ನ ಕೈ ಚಾಚಿದಳು.

"ಆ ಟಾರ್ಚ್ ಕೊಡು ಇಲ್ಲಿ. ಎಬ್ಬಿಸು ನನ್ನ."

ಅವನ ಭುಜ ಹಿಡಿದು ಬಗ್ಗಿ, ಅವಳು ಒಳಗೆ ಬೆಳಕು ಹಾಯಿಸಿದಳು. ನಲವತ್ತು ವರ್ಷ ಅಂಗಿಗಳ ಗುಂಡಿಗೆ ಕಾಜಾ ಹೊಲಿದ ಕಣ್ಣು ಅದು. "ನೀರು ಬಿದ್ದು ಜಿಡ್ಡೂ ತೊಳೆದುಹೋಗಿದೆ ನೋಡು. ಈ ಹಲ್ಲಿನ ಹತ್ರ ಏನೋ ಚುಕ್ಕಿ ಇದೆಯಲ್ಲೋ? ಸುತ್ತಿಗೇಲಿ ಕುಟ್ಟಿದ ಹಾಗಿದೆ."

ಅವನು ಬಟ್ಟೆಯಿಂದ ಉಜ್ಜಿದ. ಕಾರು ಮಾಡಿದವರೇ ಕೊರೆದಿಟ್ಟ ಗುರುತು ಅದು. ಕೆಳಗಿನ ಚಕ್ರದಲ್ಲೂ ಅಂಥದೇ ಒಂದು ಸಿಕ್ಕಿತು, ಎರಡಕ್ಕೂ ಎದುರಾಗಿ ಇಂಜಿನ್ನಿನ ಮೈಮೇಲೆ ಸಣ್ಣ ಗೀರು. ಅದೃಷ್ಟಕ್ಕೆ ಕೆಳಗಿನದು ಗೀರಿಗೆ ಸರಿಯಾಗಿ ನಿಂತಿತ್ತು. ಮೇಲಿನದು ಮಾತ್ರ ಜರುಗಿತ್ತು. ಉಸಿರು ಬಿಗಿಹಿಡಿದು ಅದನ್ನು ಸ್ವಸ್ಥಾನಕ್ಕೆ ತಂದ. ಪಂಪು ಕೂರಿಸಿ, ಹೊಸ ಬೆಲ್ಟು ಹಾಕಿ ಬಿಗಿದ. ಸ್ಟೂಲಿನ ಮೇಲಿದ್ದ ಹಳೆಯ ಬೆಲ್ಟಿನ ಗೆರೆಗಳು ಮಾತ್ರ ಒದ್ದೆಯಾಗದೆ ಉಳಿದಿದ್ದವು. ಅಕ್ಕ ಅವುಗಳ ನಡುವಿನ ಹಲ್ಲುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿದಳು, ಅವನು ಹೊಸದರ ಮೇಲೆ ಎಣಿಸಿದ. ಲೆಕ್ಕ ಕೂಡಿತು.

ಆದರೂ ಕೀ ತಿರುಗಿಸಲು ಅವನಿಗೆ ಧೈರ್ಯ ಬರಲಿಲ್ಲ. "ಗುದ್ದಿಕೊಂಡುಬಿಟ್ರೆ?"

"ಮಿಷಿನ್‌ಗೆ ಹೊಸ ಸೂಜಿ ಹಾಕಿದ ಕೂಡ್ಲೆ ಪೆಡಲ್ ತುಳೀತೀವಾ?"

"ಇಲ್ಲ. ಮೊದಲು ಕೈಯಲ್ಲಿ ಚಕ್ರ ತಿರುಗಿಸಿ, ಸೂಜಿ ಎಲ್ಲೂ ತಾಗಲ್ಲ ಅಂತ ನೋಡ್ತೀವಿ."

"ಮತ್ತೆ?"

ಇಂಜಿನ್ ಹಗುರವಾಗಿ ತಿರುಗಲೆಂದು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಕೆಳಗಿನ ಚಕ್ರದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಇಷ್ಟಿಷ್ಟೇ ತಿರುಗಿಸಿದ. ಒಳಗೆ ಏನೋ ಸಣ್ಣಗೆ ಉಸಿರಾಡಿದಂತೆ ಸದ್ದಾಯಿತು. ಅವನು ನಿಲ್ಲಿಸಿ ಕಿವಿಗೊಟ್ಟು, ಮತ್ತೆ ತಿರುಗಿಸಿದ. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟೇ ಇದ್ದಳು. ಎಲ್ಲೂ ತಾಗಲಿಲ್ಲ. ಎರಡು ಸುತ್ತು ಮುಗಿದಾಗ ಚುಕ್ಕಿಗಳೆರಡೂ ಬಂದು ಗೀರುಗಳಿಗೆ ಎದುರಾಗಿ ನಿಂತವು.

ಬಿಚ್ಚಿದ್ದನ್ನೆಲ್ಲ ಜೋಡಿಸಿ, ನೀರು ತುಂಬಿ, ಕೀ ಹಿಡಿದಾಗ ಹೊತ್ತು ಇಳಿದಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ತಿರುಗಿಸಿದ. ಇಂಜಿನ್ ಒಮ್ಮೆ ಕೆಮ್ಮಿ, ಚಾಲೂ ಆಗಿ, ಹದವಾಗಿ ಓಡತೊಡಗಿತು. ಕೀರಲು ದನಿ ಇರಲಿಲ್ಲ. ಅವನು ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಅತ್ತ. ಅತ್ತಾದ ಮೇಲೆ ಕಾರಿನ ಕೆಳಗೆ ಬಗ್ಗಿ, ನೀರು ತೊಟ್ಟಿಕ್ಕುತ್ತಿದೆಯೇ ಎಂದು ನೋಡಿದ. ನೆಲ ಒಣಗಿತ್ತು.

"ನಾಳೆ ಎಷ್ಟು ಹೊತ್ತಿಗೆ ಹೊರಡ್ಬೇಕೋ?" ಅಕ್ಕ ಕೇಳಿದಳು.

ಕಾಯಿಲೆ ಬಿದ್ದಂದಿನಿಂದ ಅವಳು ಒಂದು ಸಲವೂ ಕೇಳದ ಮಾತು ಅದು. ಅವನು ತಲೆಯೆತ್ತಲಿಲ್ಲ. ಎತ್ತಿದರೆ ಅವಳು ಮನಸ್ಸು ಬದಲಾಯಿಸಿಯಾಳು ಎಂದು ಹೆದರಿಕೆ.

"ಆರೂವರೆಗೆ," ಎಂದವನು ಚಕ್ರದ ನಟ್ಟುಗಳನ್ನು ಒಂದೊಂದಾಗಿ ಮತ್ತೆ ಜಗ್ಗಿ ನೋಡತೊಡಗಿದ. ಅಕ್ಕ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಳು.